ನಲವತ್ತೊಂದನೇ ನಂಬರಿನ ರಾಜ್ಯ

ಗೋಕಾಕದಲ್ಲಿ ಒಬ್ಬ ವಕೀಲರಿದ್ದರು. ರವಿವಾರ ಕೋರ್ಟು ಇರುತ್ತಿರಲಿಲ್ಲ, ಮಾತಾಡದೆ ಇಡೀ ದಿನ ಕಳೆಯುವುದು ಅವರಿಂದ ಆಗುತ್ತಿರಲಿಲ್ಲ. ಹಾಗಾಗಿ ಆ ದಿನ ವಾಚನಾಲಯದ ಮಾಳಿಗೆಯಲ್ಲಿ ಹತ್ತು-ಹನ್ನೆರಡು ಜನ ಕನ್ನಡ ಸಾಲೆಯ ಮಾಸ್ತರರನ್ನು ಕೂಡಿಸಿಕೊಂಡು ರಾಜ್ಯಶಾಸ್ತ್ರ ಹೇಳುತ್ತಿದ್ದರು. ಫೀ ಇಲ್ಲ, ಮೇಲೆ ಒಂದು ಕಪ್ ಚಹಾ. ನಾನು ಮೂಡಲಗಿಯಿಂದ ಅಷ್ಟು ದೂರ ಸೈಕಲ್ ತುಳಿದು ಹೋಗುತ್ತಿದ್ದುದಕ್ಕೆ ಜ್ಞಾನದ ಹಸಿವು ಎಷ್ಟು ಕಾರಣವೋ ಆ ಚಹಾವೂ ಅಷ್ಟೇ ಕಾರಣ. ಅರಭಾವಿ ದಾಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು.

ವಕೀಲರು ಬಲಗೈ ಎತ್ತಿ ಒಂದೊಂದೇ ಬೆರಳು ಬಿಡಿಸುತ್ತಿದ್ದರು. ಒಂದು ದೇಶ ರಾಜ್ಯ ಅನ್ನಿಸಿಕೊಳ್ಳಬೇಕಾದರೆ ಅದಕ್ಕೆ ನೆಲ ಬೇಕು, ನೆಲದ ಮೇಲೆ ಜನ ಬೇಕು, ಜನರನ್ನು ಆಳುವ ಸರಕಾರ ಬೇಕು, ಆ ಸರಕಾರದ ತಲೆಯ ಮೇಲೆ ಮತ್ತೊಬ್ಬ ಕೂತಿರಬಾರದು. ನಾಲ್ಕು ಬೆರಳು ಮುಗಿದವು. ಆಮೇಲೆ ಹೆಬ್ಬೆರಳನ್ನು ಅರ್ಧ ಎತ್ತಿ ಹಾಗೇ ಹಿಡಿಯುತ್ತಿದ್ದರು. ಉಳಿದ ರಾಜ್ಯಗಳು ಇದನ್ನು ರಾಜ್ಯವೆಂದು ಒಪ್ಪಬೇಕೋ ಬೇಡವೋ ಎಂಬಲ್ಲಿ ಪಂಡಿತರಲ್ಲಿ ಎರಡು ಪಕ್ಷವಂತೆ. ಒಪ್ಪಿದರೇನೇ ರಾಜ್ಯ ಅನ್ನುವವರು ಕೆಲವರು. ಇದ್ದದ್ದು ಇದ್ದೇ ಇದೆ, ಒಪ್ಪುವುದು ಬರೀ ಮರ್ಯಾದೆಯ ಮಾತು ಅನ್ನುವವರು ಕೆಲವರು. ತಾವು ಯಾವ ಪಕ್ಷವೆಂದು ವಕೀಲರು ಕೊನೆಯವರೆಗೂ ಹೇಳಲಿಲ್ಲ. ಹೆಬ್ಬೆರಳು ಅರ್ಧಕ್ಕೇ ನಿಂತಿರುತ್ತಿತ್ತು.

ಆಗ ನಮ್ಮ ಸುತ್ತಮುತ್ತ ಸಂಸ್ಥಾನಗಳಿಗೇನೂ ಬರ ಇರಲಿಲ್ಲ. ಬೆಳಿಗ್ಗೆ ಹೊರಟ ಎತ್ತಿನ ಗಾಡಿ ಸಂಜೆಯೊಳಗೆ ಎರಡು ಸರಕಾರಗಳನ್ನು ದಾಟಿ ಮೂರನೆಯದರ ಜಕಾತಿ ಕಟ್ಟೆಯಲ್ಲಿ ಸುಂಕ ಕೊಡಲು ನಿಂತಿರುತ್ತಿತ್ತು. ಅಂಥ ಒಂದು ಸಂಸ್ಥಾನದಿಂದ ಬರುತ್ತಿದ್ದ ಮಾಸ್ತರರು, ನಮ್ಮ ಅರಸರಿಗೆ ನೆಲ ಇದೆ, ಜನ ಇದ್ದಾರೆ, ದಿವಾನರಿದ್ದಾರೆ, ಒಂದು ಆನೆಯೂ ಇದೆ, ಹಾಗಾದರೆ ನಮ್ಮದು ರಾಜ್ಯವೇ ಎಂದು ಕೇಳಿದರು. ನಿಮ್ಮ ಅರಸರು ಯಾರಿಗೆ ಸಲಾಮು ಹೊಡೆಯುತ್ತಾರೆ ಎಂದು ವಕೀಲರು ಕೇಳಿದರು. ಆ ಮಾಸ್ತರರು ಅವತ್ತು ಚಹಾ ಕುಡಿಯಲಿಲ್ಲ. ಅದನ್ನು ನಾನು ಕುಡಿದೆ.

ಈ ನಾಲ್ಕೂವರೆ ಬೆರಳನ್ನು ನಾನು ಮನೆಗೆ ತಂದೆ. ತರಬಾರದಿತ್ತು.

ಮನೆ ಅಂದರೆ ದೊಡ್ಡಪ್ಪನ ಮನೆ. ನಮ್ಮ ಅಪ್ಪ-ಅವ್ವ ಪ್ಲೇಗಿನಲ್ಲಿ ಹೋದ ಮೇಲೆ ನನ್ನನ್ನೂ ಅಕ್ಕನನ್ನೂ ಅವನೇ ಸಾಕಿದ. ಒಳ್ಳೆಯವನು, ಆದರೆ ಒಳ್ಳೆಯತನವನ್ನೂ ಗದರಿಸಿಯೇ ಮಾಡುವ ಪೈಕಿ. ಖಾದಿ ಟೋಪಿ ಹಾಕಿಕೊಂಡು ಗೋಕಾಕದ ಸಭೆಗಳಿಗೆ ಹೋಗಿ ಸ್ವರಾಜ್ಯದ ಮಾತು ಬಂದಾಗೆಲ್ಲ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಮನೆಗೆ ಬಂದರೆ ಉಪ್ಪಿನಕಾಯಿ ಭರಣಿ ಇಟ್ಟ ಖೋಲಿಯ ಕೀಲಿ ಅವನ ಉಡಿದಾರದಲ್ಲಿ. ಮದುವೆಯಾಗಿ ನಲವತ್ತು ವರ್ಷ ಕಳೆದ ದೊಡ್ಡಮ್ಮ ಒಂದು ಹೋಳು ಮಾವಿನಕಾಯಿಗೆ ಅವನ ಮುಂದೆ ಬಂದು ನಿಲ್ಲಬೇಕು. ಇದು ಸ್ವರಾಜ್ಯಕ್ಕೆ ಹೊಂದುತ್ತದೆಯೇ ಎಂದು ಒಮ್ಮೆ ಕೇಳಿದ್ದಕ್ಕೆ, ಇಂಗ್ಲಿಷರು ಪರದೇಶದವರು, ನಾ ಮನಿ ಹಿರಿಯ ಎಂದು ಹೇಳಿ ಮಾತು ಮುಗಿಸಿದ್ದ.

ಅಕ್ಕನನ್ನು ಹನ್ನೆರಡಕ್ಕೆ ಹುಕ್ಕೇರಿಯಿಂದ ನಿಡಸೋಸಿಯ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಗೆ ಕೊಟ್ಟಿದ್ದರು. ಅವಳಿಗೆ ಮೂವತ್ತು ತುಂಬುವಾಗ ಗಂಡ ತೀರಿಹೋದ. ಮಕ್ಕಳಿಲ್ಲ. ಮೈದುನರು ಬಾಯಿಬಿಟ್ಟು ಹೊರಡು ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಅವಳು ಮೂಡಲಗಿಗೆ ಬಂದು ಕೆಲವು ದಿನವಿದ್ದು, ತನ್ನ ಟ್ರಂಕು ತರಲು ನನ್ನನ್ನು ಕರೆದುಕೊಂಡು ಗಾಡಿಯಲ್ಲಿ ಅಲ್ಲಿಗೆ ಹೋದಳು.

ನಮ್ಮ ಕಡೆ ಮನೆಗೆ ಯಾರೇ ಬರಲಿ, ಯಾಕೆ ಬಂದಿರಿ ಎಂದು ಕೇಳುವ ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ಕೊಡುತ್ತಾರೆ. ಪರಸ್ಥಳದವರಿಗೆ, ಬೀಗರಿಗೆ, ದಾರಿಹೋಕರಿಗೆ. ಮನೆಯವರಿಗೆ ಕೊಡುವುದಿಲ್ಲ. ಹೊಲದಿಂದ ಬಂದ ಗಂಡನ ಮುಂದೆ ಹೆಂಡತಿ ಬೆಲ್ಲ-ನೀರು ಇಟ್ಟರೆ ಅವನು ಅವತ್ತೆಲ್ಲ ತಾನೇನು ತಪ್ಪು ಮಾಡಿದೆ ಎಂದು ಯೋಚಿಸುತ್ತ ಕೂಡಬೇಕಾಗುತ್ತದೆ.

ಆ ಹಳ್ಳಿಯ ಮನೆಯ ಕಟ್ಟೆಯಲ್ಲಿ ನಾವು ಕೂತಾಗ ಅಕ್ಕನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಒಂದು ತಾಟಿನಲ್ಲಿ ಎರಡು ತುಂಡು ಬೆಲ್ಲ ತಂದಿಟ್ಟಳು. ಒಂದು ನನಗೆ, ಒಂದು ಅಕ್ಕನಿಗೆ. ಹದಿನೆಂಟು ವರ್ಷ ಆ ಮನೆಗೆ ಬಂದುಹೋದವರಿಗೆಲ್ಲ ಬೆಲ್ಲ ಒಡೆದು ಕೊಟ್ಟವಳು ಅಕ್ಕ. ಅವಳು ತಾಟನ್ನು ಒಂದು ಗಳಿಗೆ ನೋಡಿದಳು. ಬೆಲ್ಲ ತಿಂದಳು, ನೀರು ಕುಡಿದಳು, ಟ್ರಂಕಿನ ಒಂದು ಬದಿ ಹಿಡಿ ಎಂದು ನನಗೆ ಹೇಳಿದಳು. ಬರುವಾಗ ಹುಕ್ಕೇರಿಯಲ್ಲಿ ಸಂತೆ. ಗಾಡಿ ನಿಲ್ಲಿಸಿ, ಸೆರಗಿನ ಗಂಟು ಬಿಚ್ಚಿ, ತನ್ನದೇ ದುಡ್ಡಿನಲ್ಲಿ ಒಂದು ಪೆಂಟಿ ಬೆಲ್ಲ ಕೊಂಡಳು. ದೊಡ್ಡಪ್ಪನಿಗೆ ಸ್ವಂತ ಕಬ್ಬಿನ ಗಾಣ ಇರುವಾಗ ಇದೇಕೆ ಎಂದು ನಾನು ಕೇಳಬೇಕೆಂದಿದ್ದೆ. ಅವಳ ಮುಖ ನೋಡಿ ಕೇಳಲಿಲ್ಲ.

ಮೂಡಲಗಿಯ ಮನೆ ಮುಟ್ಟಿದಾಗ ದೊಡ್ಡಮ್ಮ ಪ್ರೀತಿಯಿಂದ ಹೊರಗೆ ಬಂದಳು, ಕೈಯಲ್ಲಿ ಬೆಲ್ಲ-ನೀರು. ಗಂಡನ ಮನೆಯಿಂದ ಬಂದ ಮಗಳಿಗೆ ಕೊಡುವುದು ಪದ್ಧತಿ, ಅದರಲ್ಲಿ ತಪ್ಪೇನೂ ಇರಲಿಲ್ಲ. ಅಕ್ಕ ನಕ್ಕು, ಅದನ್ನೂ ತಿಂದಳು.

ಎರಡು ತಿಂಗಳ ಮೇಲೆ ಒಂದು ದಿನ ನಾನು ಸಾಲೆಯಿಂದ ಬಂದಾಗ, ಹಿತ್ತಲ ಕಡೆ ನಮ್ಮ ಅಪ್ಪನ ಪಾಲಿಗಿದ್ದ ಎರಡು ಖೋಲಿಗಳಲ್ಲಿ ಅಕ್ಕ ಮಣ್ಣು ಕಲಸಿ ಒಲೆ ಹಾಕುತ್ತಿದ್ದಳು. ಹೊದೆಯುವ ಕೌದಿ ಹೊಲಿಯುವುದರಲ್ಲಿ ಅವಳನ್ನು ಸರಿಗಟ್ಟುವವರು ಊರಲ್ಲಿ ಇರಲಿಲ್ಲ. ಜನ ಹಳೇ ಸೀರೆ ತಂದುಕೊಟ್ಟು, ಕೌದಿ ಒಯ್ಯುವಾಗ ಜೋಳ ಅಳೆದು ಹೋಗುತ್ತಿದ್ದರು. ಹೊಟ್ಟೆಗೆ ಅಷ್ಟು ಸಾಕು. ದೊಡ್ಡಪ್ಪನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗುವಾಗ ಬೇರೆ ಒಲೆ ಯಾಕೆ ಎಂದು ಕೇಳಿದೆ.

ಅವಳು ಕೈಗೆ ಹತ್ತಿದ ಮಣ್ಣು ನೋಡುತ್ತಲೇ ಹೇಳಿದಳು: "ಎರಡೂ ಮನ್ಯಾಗ ನನಗ ಬೆಲ್ಲಾ-ನೀರು ಕೊಟ್ರು, ತಮ್ಮಾ. ನಾ ಕೊಡೋ ಮನಿ ಒಂದು ಇರ್ಲಿ."

ಅಲ್ಲಿಗೆ ನಾನು ಎದ್ದು ಹೋಗಬೇಕಿತ್ತು. ಆದರೆ ನಾನು ಮಾಸ್ತರ, ಪಾಠ ಮಾಡದೆ ಬಿಡುವವನಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಬೆರಳು ಬಿಡಿಸಿದೆ. ನೆಲ ಇದೆ, ಎರಡು ಖೋಲಿ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡದಷ್ಟು ಜಾಗ. ಸರಕಾರ ಇದೆ, ನೀನೇ. ಜನ ಅಂದರೂ ನೀನೇ, ಅದೊಂದು ಸ್ವಲ್ಪ ಕಮ್ಮಿಯಾಯಿತು. ಮುಂದಿನ ರವಿವಾರ ರಾಜ್ಯಕ್ಕೆ ಕನಿಷ್ಠ ಎಷ್ಟು ಜನ ಬೇಕು ಎಂದು ವಕೀಲರನ್ನು ಕೇಳಿದೆ. ಯಾವ ಪಂಡಿತನೂ ಲೆಕ್ಕ ಹೇಳಿಲ್ಲ ಎಂದರು. ನನಗೆ ಅದೇ ಬೇಕಾಗಿತ್ತು. ಉಳಿದದ್ದು ನಾಲ್ಕನೇ ಬೆರಳು, ಅದರ ಹೆಸರು ದೊಡ್ಡಪ್ಪ.

ಅವನು ಒಲೆಯನ್ನು ಒಡೆಯಲಿಲ್ಲ. ಒಡೆದಿದ್ದರೆ ಜಗಳವಾದರೂ ಆಗುತ್ತಿತ್ತು. ಒಲೆ ಇದೆ ಎಂಬುದನ್ನೇ ಅವನು ಒಪ್ಪಲಿಲ್ಲ. ದಿನಕ್ಕೆರಡು ಸಲ, ಹೊರಗಿನಿಂದ ಕೂಗುವುದಿಲ್ಲ, ಕೆಮ್ಮುವುದಿಲ್ಲ, ನೆಟ್ಟಗೆ ಅಕ್ಕನ ಖೋಲಿಗೆ ನುಗ್ಗಿ ಗಡಿಗೆಯ ಮುಚ್ಚಳ ತೆಗೆದು ನೋಡಿ, ಬ್ಯಾಳಿ ಬೆಂದಿಲ್ಲ ಎಂದು ಹೇಳಿ ಹೋಗುತ್ತಿದ್ದ. ಅವನು ಬಂದಾಗೆಲ್ಲ ಅಕ್ಕ ತಾಟಿನಲ್ಲಿ ಬೆಲ್ಲ-ನೀರು ತಂದಿಡುತ್ತಿದ್ದಳು. ಅವನು ತಾಟನ್ನು ಬೆರಳ ತುದಿಯಿಂದ ಆಚೆ ಸರಿಸುತ್ತಿದ್ದ.

"ನಾ ಏನ್ ಬೀಗನ?" ಅನ್ನುತ್ತಿದ್ದ. "ಮನಿ ಹಿರ್ಯಾ ಅದೇನಿ."

ಅದೇ ತುಂಡು ತಿರುಗಿ ಬೆಲ್ಲದ ಡಬ್ಬಿಗೆ ಹೋಗುತ್ತಿತ್ತು, ಅವನು ಮತ್ತೆ ಬಂದಾಗ ಹೊರಗೆ ಬರುತ್ತಿತ್ತು. ಹುಕ್ಕೇರಿ ಸಂತೆಯ ಆ ಬೆಲ್ಲಕ್ಕೆ ಓಡಾಡಿ ಓಡಾಡಿ ಮೂಲೆಗಳೇ ಸವೆದುಹೋದವು. ಇರುವೆಗಳು ಮಾತ್ರ ಯಾವ ಪಕ್ಷವನ್ನೂ ಹಿಡಿಯದೆ ಎರಡು ಕಡೆಯೂ ಹತ್ತುತ್ತಿದ್ದವು.

ಅವನ ಸಿಟ್ಟಿನ ಒಳಗೆ ಏನಿತ್ತು ಎಂಬುದು ನನಗೆ ಗೊತ್ತಿತ್ತು. ತಮ್ಮನ ಮಗಳು ಗಂಡನನ್ನು ಕಳೆದುಕೊಂಡು ಬಂದರೆ ಇವನು ಬೇರೆ ಒಲೆ ಹಾಕಿಸಿ ಹೊರಗಿಟ್ಟ ಎಂದು ಊರು ಆಡಿಕೊಳ್ಳುತ್ತದೆ ಎಂಬ ಹೆದರಿಕೆ. ಅದನ್ನು ಅವನು ಯಾರ ಮುಂದೆಯೂ ಹೇಳಲಿಲ್ಲ, ದೊಡ್ಡಮ್ಮನೊಬ್ಬಳನ್ನು ಬಿಟ್ಟು. ಅವಳು ನನಗೆ ಹೇಳಿದಳು.

ಅಷ್ಟರಲ್ಲಿ ಖಾನೇಸುಮಾರಿ ಬಂತು, ಅಂದರೆ ಸರಕಾರದವರು ಹತ್ತು ವರ್ಷಕ್ಕೊಮ್ಮೆ ಮಾಡುವ ಜನಗಣತಿ. ಮನೆಮನೆಗೆ ನಂಬರು ಹಾಕುವ ಕೆಲಸ, ಬರೆಯುವ ಕೆಲಸ ಎರಡೂ ಮಾಸ್ತರರ ತಲೆಗೇ ಬರುತ್ತಿದ್ದವು. ನಮ್ಮ ಓಣಿ ನನಗೆ ಬಂತು. ಜೊತೆಗೆ ಒಂದು ಡಬ್ಬಿ ಡಾಂಬರು, ಒಂದು ಕುಂಚ, ನಿಯಮದ ಒಂದು ಪುಸ್ತಕ. ಗೋಡೆ ಎಷ್ಟು, ಬಾಗಿಲು ಎಷ್ಟು ಎಂದು ಪುಸ್ತಕ ಕೇಳುತ್ತಿರಲಿಲ್ಲ. ಒಂದು ಒಲೆಯ ಅನ್ನ ಉಣ್ಣುವವರು ಒಂದು ಮನೆ. ಒಲೆ ಬೇರೆಯಾದರೆ ಮನೆ ಬೇರೆ. ಅದನ್ನು ಓದಿ ನಾನು ಖುಷಿಯಲ್ಲಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡೆ.

ದೊಡ್ಡಪ್ಪನ ಮನೆಗೆ ಹದಿನಾರು. ಓಣಿಯ ತುದಿಗೆ ನಲವತ್ತು. ತಿರುಗಿ ಬಂದು ಹಿತ್ತಲ ಬಾಗಿಲ ಮೇಲೆ ಗೇಣುದ್ದದ ಅಂಕಿಯಲ್ಲಿ ನಲವತ್ತೊಂದು ಎಂದು ಬರೆದೆ. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಆದರೂ ದೂರ ನಿಂತು, ಹತ್ತಿರ ನಿಂತು, ಸೆರಗಿನಿಂದ ಬಾಗಿಲ ಧೂಳು ಒರೆಸಿ, ಮತ್ತೆ ದೂರ ನಿಂತು ನೋಡಿದಳು.

ದೊಡ್ಡಪ್ಪ ನಂಬರು ನೋಡಿದ. ಕೊಟ್ಟಿಗೆಯಿಂದ ಎಮ್ಮೆ ಬಿಚ್ಚಿಕೊಂಡು ಬಂದು ಆ ಬಾಗಿಲಿಗೆ ಅಡ್ಡ ಕಟ್ಟಿ ಹೋದ. ಅವನ ಲೆಕ್ಕದಲ್ಲಿ ನಂಬರು ಕಾಣದಿದ್ದರೆ ಮನೆ ಇಲ್ಲ. ಡಾಂಬರು ಇನ್ನೂ ಹಸಿ ಇತ್ತು. ಎಮ್ಮೆಗೆ ಬೆನ್ನು ತುರಿಸಿತು. ಸಂಜೆ ಅದು ನೀರು ಕುಡಿಯಲು ಹೋದಾಗ ಬಲಪಕ್ಕೆಯ ಮೇಲೆ ಉಲ್ಟಾ ಹದಿನಾಲ್ಕೋ, ಸುಲ್ಟಾ ನಲವತ್ತೊಂದೋ ಎಂಥದೋ ಒಂದು ಅಂಕಿ ಕರ್ರಗೆ ಎದ್ದು ಕಾಣುತ್ತಿತ್ತು. ಸರಕಾರ ಈ ಸಲ ದನಗಳನ್ನೂ ಬರೆದುಕೊಳ್ಳುತ್ತಿದೆ ಎಂದು ಹಳ್ಳದ ದಂಡೆಯಲ್ಲಿ ಸುದ್ದಿಯಾಗಿ, ಮರುದಿನ ಇಬ್ಬರು ತಮ್ಮ ಎಮ್ಮೆಗಳನ್ನು ಬೇರೆ ಊರ ಬೀಗರ ಮನೆಗೆ ಸಾಗಿಸಿದರು. ಬಾಗಿಲ ಮೇಲಿನ ನಂಬರು ಅಳಿಸಲಿಲ್ಲ. ಒಂದಿಷ್ಟು ಕೂದಲು ಮೆತ್ತಿಕೊಂಡು ಮೊದಲಿಗಿಂತ ಗಟ್ಟಿಯಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಗೆದ್ದವನು. ಆದರೆ ಹೆಸರು ಬರೆಯುವುದು ಬಾಕಿ ಇತ್ತು.

ಪ್ರತಿ ಮನೆಯ ಮೊದಲ ಸಾಲು ಯಜಮಾನನದು. ಒಂದು ಮುಂಜಾನೆ ಅಕ್ಕನ ಕಟ್ಟೆಯ ಮೇಲೆ ಕೂತು, ನಲವತ್ತೊಂದನೇ ನಂಬರಿಗೆ ಬಂದೆ. ನಾನು ಆಗ ಎರಡೂ ಒಲೆಗಳಲ್ಲಿ ಉಣ್ಣುತ್ತಿದ್ದೆ. ಬೆಳಿಗ್ಗೆ ಇಲ್ಲಿ ರೊಟ್ಟಿ, ರಾತ್ರಿ ಅಲ್ಲಿ ಅನ್ನ, ಎರಡು ಕಡೆಯೂ ಇನ್ನೊಂದು ಕಡೆ ಏನೂ ಸಿಗಲಿಲ್ಲವೆಂಬ ಮುಖ. ಅಕ್ಕನ ರಾಜ್ಯದಲ್ಲಿ ಜನ ಕಮ್ಮಿ ಎಂದು ಮೊದಲೇ ನನಗೆ ಕೊರಗಿತ್ತು. ಮೇಲಾಗಿ ಹೆಣ್ಣುಮಗಳೊಬ್ಬಳ ಹೆಸರನ್ನು ಮೊದಲ ಸಾಲಿನಲ್ಲಿ ಬರೆದರೆ ಹಾಳೆ ತಪಾಸಣೆ ಮಾಡುವ ಸುಪರ್ವೈಜರ್ ಸಾಹೇಬರು ಏನಂದಾರು ಎಂಬ ಅಳುಕು. ಟಾಕು ಮಸಿಯಲ್ಲಿ ಅದ್ದಿ ಮೊದಲ ಸಾಲಿನಲ್ಲಿ ನನ್ನ ಹೆಸರು, ಎರಡನೇ ಸಾಲಿನಲ್ಲಿ ಅವಳದು ಬರೆದೆ. ಅವಳಿಗೆ ಉಪಕಾರ ಮಾಡಿದೆನೆಂದೇ ತಿಳಿದಿದ್ದೆ. ಈಗ ನೆನೆದರೆ ನನ್ನ ಕಿವಿ ನಾನೇ ಹಿಂಡಿಕೊಳ್ಳಬೇಕು ಅನ್ನಿಸುತ್ತದೆ.

ಓದಿ ಹೇಳು ಎಂದಳು. ಓದಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಮನಿ ಯಾರದಂತ ಬರದಿ?"

ಯಜಮಾನ ನಾನೇ, ಆದರೆ ಅದು ಬರೀ ಕಾಗದದ ಮಾತು, ಸರಕಾರಕ್ಕೆ ಹಾಗೆ ಬರೆದರೆ ಸಲೀಸು ಎಂದೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಹಂಚಿನ ಮೇಲಿನ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದಳು.

"ದೊಡ್ಡಪ್ಪ ಎಮ್ಮಿ ಕಟ್ಟಿದ, ಅದು ಕಣ್ಣಿಗೆ ಕಾಣ್ತೈತಿ," ಅಂದಳು. "ನೀ ಹಾಳಿ ಮ್ಯಾಲ ಕಟ್ಟೀದಿ."

ಆ ಹೊತ್ತು ನನಗೆ ರೊಟ್ಟಿ ಇಲ್ಲ. ಮರುದಿನವೂ ಇಲ್ಲ. ಜಗಳವಿಲ್ಲ, ಮುನಿಸಿಲ್ಲ, ಎಂದಿನಂತೆ ಮಾತಾಡಿಸುತ್ತಾಳೆ, ರೊಟ್ಟಿ ಮಾತ್ರ ಇಲ್ಲ. ಮೂರನೇ ದಿನ ನಾನು ಹಾಳೆ ತೆಗೆದು ನನ್ನ ಹೆಸರಿನ ಮೇಲೆ ಗೆರೆ ಎಳೆದೆ. ಅಕ್ಕನ ಹೆಸರನ್ನು ಮೊದಲ ಸಾಲಿಗೆ ತಂದೆ. ನಲವತ್ತೊಂದನೇ ನಂಬರಿನಲ್ಲಿ ಒಟ್ಟು ಜನ ಒಬ್ಬರು. ನನ್ನ ಹೆಸರನ್ನು ಹದಿನಾರಕ್ಕೆ, ದೊಡ್ಡಪ್ಪನ ಕೆಳಗೆ ಸೇರಿಸಿ, ಬಂದು ಓದಿ ಹೇಳಿದೆ. ಅವಳು ಎರಡು ಸಲ ಓದಿಸಿದಳು. ನಾನು ಹಸಿದು ಎಂದಿನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಅವಳು ಮೊದಲು ನನ್ನ ಮುಂದೆ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ಇಟ್ಟಳು.

ನನಗೂ ಬೆಲ್ಲವೇ ಎಂದು ಕೇಳಿದೆ. ಹದಿನಾರನೇ ನಂಬರಿನವರಲ್ಲವೇ ಎಂದಳು. ಆಮೇಲೆ ರೊಟ್ಟಿ ಬಂತು, ಮೊದಲಿಗಿಂತ ಒಂದು ಹೆಚ್ಚು, ಪರರ ಮನೆಯವನಿಗೆ ಬಡಿಸುವಷ್ಟು ಉಪಚಾರ. ಹೊಟ್ಟೆ ತುಂಬಿತು. ಒಳಗೆಲ್ಲೋ ಒಂದು ಕಡೆ ಸ್ವಲ್ಪ ನೋವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಹಾಳೆ ನೋಡಲು ಗೋಕಾಕದಿಂದ ಸುಪರ್ವೈಜರ್ ಸಾಹೇಬರು ಬಂದರು. ಬಿಸಿಲಲ್ಲಿ ಬೆಂದು ಬಂದಿದ್ದರು. ಹದಿನಾರರ ಪಕ್ಕದಲ್ಲಿ ನಲವತ್ತೊಂದು ಹೇಗೆ ಬಂತು, ಹೆಂಗಸೊಬ್ಬಳೇ ಯಜಮಾನಿ ಹೇಗೆ, ಗೆರೆ ಎಳೆದದ್ದು ಯಾಕೆ ಎಂದು ಒಂದರ ಮೇಲೊಂದು ಕೇಳಿದರು. ಒಂದೇ ಮನೆಯನ್ನು ಎರಡು ಮಾಡಿ ಬರೆದಿದ್ದರೆ ಸಾಲೆಖಾತೆಗೆ ವರದಿ ಹೋಗುತ್ತದೆ, ನೌಕರಿಯ ಮಾತು ಎಂದರು. ನಾನು ನಾಲ್ಕು ಬೆರಳು ಎತ್ತಿ ಶುರು ಮಾಡಿದೆ. ಕೈ ಕೆಳಗಿಳಿಸ್ರಿ ಮಾಸ್ತರ ಎಂದು ಹೇಳಿ, ಹಿರಿಯರನ್ನು ಕರೆಯಿರಿ, ಒಂದು ಮನೆಯೋ ಎರಡೋ ಅವರೇ ಹೇಳಲಿ ಎಂದರು.

ದೊಡ್ಡಪ್ಪ ಖಾದಿ ಟೋಪಿ ಸರಿಮಾಡಿಕೊಂಡು ಬಂದ. ಅವನಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಬೇಕಿರಲಿಲ್ಲ. ಒಂದೇ ಮನೆ ಎಂದು ಒಂದು ಮಾತು ಅಂದರೆ ನಲವತ್ತೊಂದು ಅಳಿಸಿಹೋಗುತ್ತದೆ, ಅಕ್ಕ ತಿರುಗಿ ಹದಿನಾರರ ಕೊನೆಯ ಸಾಲಾಗುತ್ತಾಳೆ. ಎಮ್ಮೆಯನ್ನು ಸರಿಸಿ ಎಲ್ಲರೂ ಅಕ್ಕನ ಕಟ್ಟೆಯ ಮೇಲೆ ಕೂತೆವು. ಅಕ್ಕ ಸೆರಗು ಹೊದ್ದು ಹೊರಗೆ ಬಂದಳು. ತಾಟಿನಲ್ಲಿ ಬೆಲ್ಲದ ಮೂರು ತುಂಡುಗಳಿದ್ದವು. ಸಾಹೇಬರ ಮುಂದೆ ಒಂದು, ನನ್ನ ಮುಂದೆ ಒಂದು, ದೊಡ್ಡಪ್ಪನ ಮುಂದೆ ತಾಟಿನ ಸಮೇತ ಒಂದು ಇಟ್ಟಳು. ಹುಟ್ಟಿದಾಗಿನಿಂದ ಅವನನ್ನು ನೀನು ಎಂದೇ ಮಾತಾಡಿಸುತ್ತಿದ್ದವಳು, ತಗೋರಿ ಎಂದಳು.

ಸಾಹೇಬರು ತಮ್ಮ ಬೆಲ್ಲ ಬಾಯಿಗೆ ಹಾಕಿಕೊಂಡರು. ಪ್ರಶ್ನೆ ಕೇಳುವುದನ್ನು ಬಿಟ್ಟು, ನಿಯಮದ ಪುಸ್ತಕವನ್ನು ಮುಚ್ಚಿ ಮೊಣಕಾಲ ಮೇಲಿಟ್ಟುಕೊಂಡು, ದೊಡ್ಡಪ್ಪನ ಮುಂದಿನ ಬೆಲ್ಲವನ್ನೇ ನೋಡುತ್ತ ಕೂತರು. ಅವರು ನಮ್ಮ ಕಡೆಯವರೇ. ಬೆಲ್ಲ ಮುಟ್ಟಿದರೆ ಬಂದವರು, ಮುಟ್ಟದಿದ್ದರೆ ಮನೆಯವರು. ಇದಕ್ಕಿಂತ ಬೇರೆ ಸಾಕ್ಷಿ ಅವರಿಗೆ ಬೇಕಿರಲಿಲ್ಲ. ನೌಕರಿಯ ಚಿಂತೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ನಾನು ನೋಡುತ್ತಿದ್ದದ್ದು ಬಾಗಿಲ ಚೌಕಟ್ಟು ಹಿಡಿದು ನಿಂತ ಅಕ್ಕನ ಕೈಯನ್ನು.

ದೊಡ್ಡಪ್ಪ ತಾಟು ಸರಿಸಲು ಬೆರಳು ಚಾಚಿದ. ಯಾಕೋ ಸರಿಸಲಿಲ್ಲ. ಅವನ ದನಿ ಮೊದಲ ಸಲ ಸಣ್ಣದಾಯಿತು.

"ಮಂದಿ ನಾ ನಿನ್ನ ಹೊರಗ ಹಾಕಿದ್ನಿ ಅಂತಾರ, ಯವ್ವಾ."

"ಹೊರಗ ಹಾಕಿದವ್ರು ಬಂದು ಬೆಲ್ಲಾ ತಿಂತಾರೇನ್ರಿ?" ಅಂದಳು ಅಕ್ಕ.

ಅವನು ಅದನ್ನು ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ, ಗೋಕಾಕದ ವಕೀಲರೂ ಯೋಚಿಸಿರಲಿಕ್ಕಿಲ್ಲ. ಓಣಿಯಲ್ಲಿ ಆಗಲೇ ನಾಲ್ಕಾರು ಜನ ಇಣುಕಿ ನೋಡುತ್ತಿದ್ದರು. ದೊಡ್ಡಪ್ಪ ಅವರ ಕಡೆ ಒಮ್ಮೆ ನೋಡಿದ, ತಾಟಿನ ಕಡೆ ನೋಡಿದ. ಮೂಲೆ ಸವೆದ ಆ ತುಂಡನ್ನು ಎಲ್ಲರಿಗೂ ಕಾಣುವಂತೆ ಎರಡು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡ. ಹಲ್ಲಿಲ್ಲದ ಕಡೆಯಿಂದ ಹಲ್ಲಿದ್ದ ಕಡೆಗೆ ಸರಿಸಿ, ಚೀಪಿ, ಮುಖ ಕಿವುಚಿದ.

"ನಿಮ್ಮ ಮನಿ ಬೆಲ್ಲಾ ಉಪ್ಪ ಉಪ್ಪ ಐತಿ," ಅಂದ. "ನಮ್ಮ ಮನಿಂದ ಒಂದು ಪೆಂಟಿ ಕಳಸ್ತೇನಿ."

ಸಾಹೇಬರು ಹಾಳೆಯ ಮೇಲೆ ಸಹಿ ಹಾಕಿದರು. ಅಕ್ಕ ಇನ್ನೊಂದು ತಂಬಿಗೆ ನೀರು ತರುತ್ತೇನೆಂದು ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ದೊಡ್ಡಪ್ಪ ಎದ್ದು ಒಳಗೆ ನೋಡಲು ಹೋಗಿ, ಹೊಸ್ತಿಲ ಹತ್ತಿರ ನಿಂತ. ಒಂದು ಸಲ ಕೆಮ್ಮಿದ. ಆಮೇಲೆ ಹಿಂದೆ ಬಂದು ಕಟ್ಟೆಯ ಮೇಲೆ ಕೂತು, ನೀರು ಬರುವವರೆಗೆ ಕಾದ.